ಕೈಯಲ್ಲಿ ಮಾಡಿದ ಅಭಿಮಾನಿ ವಸ್ತುಗಳ ಪುಟ್ಟ ಆನ್‌ಲೈನ್ ಅಂಗಡಿ: ಎಲ್ಲಿಂದ ಶುರು ಮಾಡಲಿ?

ಕುಂದಾಪುರದ ನೂಲು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಹತ್ತಿರದವಳು. ಹಗಲು ಒಂದು ಸೊಸೈಟಿಯಲ್ಲಿ ಕೆಲಸ. ರಾತ್ರಿ ಊಟ ಆದಮೇಲೆ ಕ್ರೋಶಾ ಹಾಕುತ್ತೇನೆ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ನೂಲು ಹೆಣೆಯುತ್ತೇನೆ. ನಾಲ್ಕು ವರ್ಷದಿಂದ ಗೊಂಬೆ, ಕೀಚೈನ್, ಚಿಕ್ಕ ಚೀಲ ಮಾಡಿ ನೆಂಟರಿಗೆ, ಗೆಳತಿಯರಿಗೆ ಕೊಟ್ಟಿದ್ದೇನೆ. ಈಗ ಎಲ್ಲರೂ ‘ಮಾರು, ಮಾರು’ ಅನ್ನುತ್ತಿದ್ದಾರೆ. ನನಗೂ ಆಸೆ ಇದೆ.

ನನ್ನ ಲೆಕ್ಕ ಹೀಗಿದೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್, ಹಣ ಯುಪಿಐನಲ್ಲಿ. ಮಾರುವುದು ಮೂರು ವಸ್ತು. ಆರ್‌ಸಿಬಿ ಜೆರ್ಸಿ ಹಾಕಿದ ಆರಿಂಚಿನ ಕ್ರೋಶಾ ಗೊಂಬೆ. ಅಪ್ಪು ಅವರ ಗೊಂಬೆ. ಮೂರನೆಯದು ಯಕ್ಷಗಾನದ ವೇಷದವರು ತಲೆಗೆ ಕಟ್ಟುವ ಕಿರೀಟ, ಕೇದಗೆ ಮುಂದಲೆ, ಇವುಗಳ ಪುಟ್ಟ ರೂಪ. ಒಳಗೆ ಫೋಮ್ ಶೀಟ್, ಮೇಲೆ ನೂಲು, ಬೇಗಡೆ, ಮಣಿ. ಇದನ್ನು ನಾನು ಸುಮ್ನೆ ನನ್ನ ಖುಷಿಗೆ ಮಾಡಿದ್ದು. ಜನ ಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ.

ಗೊಂಬೆಗೆ 250 ರೂಪಾಯಿ ಇಡೋಣ ಅಂತಿದ್ದೇನೆ. ಒಂದಕ್ಕೆ ಐದು ಗಂಟೆ ಹಿಡಿಯುತ್ತದೆ. ಉಲ್ಲನ್ 90, ಒಳಗೆ ತುಂಬುವ ಹತ್ತಿ 25, ಕಣ್ಣು 10, ಪ್ಯಾಕಿಂಗ್ 30. ಜಿಎಸ್‌ಟಿ, ಕೊರಿಯರ್ ಇದೆಲ್ಲ ಹೇಗೆ? ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ. ಮೂರರ ಫೋಟೋ ಹಾಕಿದ್ದೇನೆ.

ಪುಟ್ಟಕ್ಕ ಶಿರಸಿ · ಭಾನುವಾರ ರಾತ್ರಿ

ಎಷ್ಟು ಚೆಂದ ಉಂಟು ತಂಗಿ! ಮುಂದಲೆಯ ಜರಿ ನೋಡಿ ಕಣ್ಣು ತುಂಬಿತು. ನನಗೊಂದು ಬೇಕು. ಹಣ ಮೊದಲೇ ಕೊಡುತ್ತೇನೆ.

ಚಿಕ್ಕಪೇಟೆ ಟೀಶರ್ಟ್ · ಸೋಮವಾರ ಬೆಳಗ್ಗೆ

ಮೊದಲು ಬೆಲೆ ಸರಿ ಮಾಡಿಕೊಳ್ಳಿ, ಉಳಿದದ್ದು ಆಮೇಲೆ. ಸಾಮಾನಿಗೇ 155 ರೂಪಾಯಿ ಹೋಯಿತು. 250ಕ್ಕೆ ಮಾರಿದರೆ ಐದು ಗಂಟೆಯ ದುಡಿಮೆಗೆ ನಿಮಗೆ ಉಳಿಯುವುದು 95. ಗಂಟೆಗೆ 19 ರೂಪಾಯಿ! ನಿಮ್ಮ ಊರಿನಲ್ಲಿ ಈ ಕೂಲಿಗೆ ಯಾರನ್ನಾದರೂ ಕೆಲಸಕ್ಕೆ ಕರೆಯೋಕೆ ಆಗುತ್ತಾ? ಗಂಟೆಗೆ 80 ಅಂತ ಹಿಡಿದರೂ ಕೂಲಿ 400, ಸಾಮಾನು ಸೇರಿ 555. ಹಾಳಾಗುವುದು, ವಾಪಸ್ ಬರುವುದು, ಫೋಟೋ ತೆಗೆಯುವ ಸಮಯ, ಇದನ್ನೆಲ್ಲ ಸೇರಿಸಿ 650 ಇಡಿ. ಕೊರಿಯರ್ ಬೇರೆ. ‘ಜಾಸ್ತಿ ಆಯ್ತು’ ಅನ್ನುವವರು ಇದ್ದೇ ಇರುತ್ತಾರೆ. ಅವರು ನಿಮ್ಮ ಗಿರಾಕಿ ಅಲ್ಲ. 250ರ ಗೊಂಬೆಗೆ ನೂರು ಆರ್ಡರ್ ಬಂದರೆ 500 ಗಂಟೆಯ ಕೆಲಸ. ರಾತ್ರಿ ಮೂರು ಗಂಟೆ ಕೂತರೂ ಐದೂವರೆ ತಿಂಗಳು. ಅಷ್ಟರಲ್ಲಿ ನಿಮಗೆ ಕಡ್ಡಿ ಮುಟ್ಟೋಕೇ ಬೇಜಾರಾಗುತ್ತದೆ.

ಇನ್ನು ಆರ್‌ಸಿಬಿ ವಿಷಯ. ನಾನು ಅನುಭವಿಸಿದ್ದನ್ನು ಹೇಳುತ್ತೇನೆ. ಮೂರು ವರ್ಷದ ಹಿಂದೆ ಟೀಶರ್ಟ್ ಅಂಗಡಿ ಶುರು ಮಾಡಿದೆ. ಆಗ ಒಂದು ತಂಡದ ಲೋಗೊ ಹಾಕಿ 80 ಟೀಶರ್ಟ್ ಪ್ರಿಂಟ್ ಹಾಕಿಸಿದೆ. ತಂಡದ ಹೆಸರು ಬೇಡ. ಎರಡು ವಾರ ಚೆನ್ನಾಗಿ ಹೋಯಿತು. ಒಂದು ದಿನ ಬೆಳಗ್ಗೆ ನೋಡಿದರೆ ನನ್ನ ಪೇಜ್‌ನ ಎಲ್ಲ ಫೋಟೋ ಮಾಯ, ಟ್ರೇಡ್‌ಮಾರ್ಕ್ ದೂರು ಬಂದಿದೆ ಅಂತ ಸಂದೇಶ. ಆ ಪೇಜ್‌ನಲ್ಲಿ ಎರಡು ಸಾವಿರ ಜನ ಇದ್ದರು. ಎಲ್ಲ ಹೋಯಿತು. 43 ಟೀಶರ್ಟ್ ಮನೆಯಲ್ಲೇ ಉಳಿದವು. ತುಂಬಾ ಅತ್ತಿದ್ದೇನೆ. ಆದರೆ ತಪ್ಪು ನನ್ನದೇ. ಆ ಚಿಹ್ನೆ ನನ್ನದಲ್ಲ.

ತಂಡದ ಹೆಸರು, ಸಿಂಹದ ಚಿಹ್ನೆ, ಜೆರ್ಸಿಯ ವಿನ್ಯಾಸ, ಇವಕ್ಕೆಲ್ಲ ಒಡೆಯರು ಇದ್ದಾರೆ. ‘ಕೈಯಲ್ಲಿ ಮಾಡಿದ್ದು’, ‘ಅಭಿಮಾನಿ ಮಾಡಿದ್ದು’ ಅಂತ ಬರೆದರೂ ಮಾರಾಟ ಮಾರಾಟವೇ. ‘ಅಧಿಕೃತವಲ್ಲ’ ಅಂತ ಕೆಳಗೆ ಬರೆದುಬಿಟ್ಟರೆ ಸಾಕು ಅನ್ನುವವರ ಮಾತು ನಂಬಬೇಡಿ. ಒಂದು ಹೆಸರನ್ನೋ ಘೋಷಣೆಯನ್ನೋ ಬಳಸುವ ಮುಂಚೆ ಭಾರತ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹುಡುಕಿ ನೋಡಿ. ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಅಪಾಯವೂ ಇದೆ. ಆಟದ ಸರಕು ಬೇಗ ಹಳಸುತ್ತದೆ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದಿತು. ‘ಈ ಸಲ ಕಪ್ ನಮ್ದೇ’ ಅನ್ನುವ ಮಾತು ಒಂದೇ ರಾತ್ರಿಯಲ್ಲಿ ‘ಕಪ್ ನಮ್ದು’ ಆಯಿತು. ಹಳೆ ಮಾತಿನ ಬಟ್ಟೆ ಇಟ್ಟುಕೊಂಡವರು ಕೂತುಬಿಟ್ಟರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಲ್ಲಿ 11 ಜನ ಸತ್ತರು. ಆಮೇಲೆ ಒಂದು ತಿಂಗಳು ಕೆಂಪು ಬಟ್ಟೆ ಮಾರೋಕೆ ನನಗೆ ಮನಸ್ಸೇ ಬರಲಿಲ್ಲ.

ಅಪ್ಪು ಅಭಿಮಾನಿ · ಸೋಮವಾರ ಮಧ್ಯಾಹ್ನ

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪು ಸರ್ ಗೊಂಬೆ ಮಾಡಿ ಮನೆಯಲ್ಲಿ ಇಟ್ಟುಕೊಳ್ಳಿ, ನೆಂಟರಿಗೆ ಕೊಡಿ. ಮಾರೋದು ನನಗೆ ಸರಿ ಅನ್ನಿಸಲ್ಲ. 2021ರ ಅಕ್ಟೋಬರ್ 29ಕ್ಕೆ ಅವರು ತೀರಿಕೊಂಡ ಮೇಲೆ ಅವರ ಮುಖ ಹಾಕಿ ಏನೇನೋ ಮಾರಿದರು. ಕಣ್ಣು ದಾನ ಮಾಡಿ ಹೋದವರು ಅವರು. ನಮ್ಮ ಹುಡುಗರ ಗುಂಪಿನಲ್ಲಿ ಅವರ ಹುಟ್ಟುಹಬ್ಬ ಮಾರ್ಚ್ 17ಕ್ಕೆ ನೇತ್ರದಾನದ ಫಾರಂ ತುಂಬಿಸುತ್ತೇವೆ. ಬಂದವರಿಗೆ ಕೊಡೋಕೆ ನಿಮ್ಮಿಂದ ಏನಾದರೂ ಚಿಕ್ಕದು ಮಾಡಿಸಬಹುದು. ಒಂದು ಕಣ್ಣಿನ ಆಕಾರದ ಬ್ಯಾಡ್ಜ್ ಸಾಕು. ಮುಖ ಬೇಡ. ದುಡ್ಡು ಕೊಡುತ್ತೇವೆ.

ಲೆಕ್ಕದ ಮೇಷ್ಟ್ರು · ಸೋಮವಾರ ಸಂಜೆ

ಮೇಲಿನವರ ಮಾತಿಗೆ ಕಾನೂನಿನ ಕಡೆಯಿಂದ ಎರಡು ಸಾಲು ಸೇರಿಸುತ್ತೇನೆ, ಆಮೇಲೆ ಜಿಎಸ್‌ಟಿಗೆ ಬರುತ್ತೇನೆ. ಹೆಸರಾಂತ ವ್ಯಕ್ತಿಗಳ ಮುಖವನ್ನು ಕೇಳದೆ ವ್ಯಾಪಾರಕ್ಕೆ ಬಳಸುವುದು ನಮ್ಮ ಕೋರ್ಟುಗಳಲ್ಲಿ ಹಲವು ಸಲ ಪ್ರಶ್ನೆಯಾಗಿದೆ. ಗೊಂಬೆಯದೇ ಒಂದು ಪ್ರಕರಣ ಇದೆ. ಗಾಯಕ ದಲೇರ್ ಮೆಹಂದಿ ಅವರನ್ನು ಹೋಲುವ, ಅವರ ಹಾಡು ಹಾಡುವ ಗೊಂಬೆಗಳನ್ನು ಅಂಗಡಿಯವರು ಮಾರುತ್ತಿದ್ದರು. 2010ರಲ್ಲಿ ದೆಹಲಿ ಹೈಕೋರ್ಟ್ ಗಾಯಕರ ಪರವಾಗಿ ತೀರ್ಪು ಕೊಟ್ಟಿತು. 2023ರಲ್ಲಿ ಅನಿಲ್ ಕಪೂರ್ ಅವರ ಮುಖ, ದನಿ, ಹೆಸರಿಗೂ ಅದೇ ಕೋರ್ಟ್ ರಕ್ಷಣೆ ಕೊಟ್ಟಿತು. ತೀರಿಹೋದವರ ವಿಷಯದಲ್ಲಿ ಕೋರ್ಟುಗಳ ನಿಲುವು ಬೇರೆ ಇದೆ ನಿಜ. ಆದರೆ ಅವರ ಫೋಟೋ ತೆಗೆದವರ ಹಕ್ಕು, ಸಿನಿಮಾದವರ ಹಕ್ಕು ಹಾಗೇ ಇರುತ್ತದೆ. ಅಪ್ಪು ಅಭಿಮಾನಿ ಹೇಳಿದ ದಾರಿಯೇ ಒಳ್ಳೆಯದು.

ಈಗ ಜಿಎಸ್‌ಟಿ. ಕರ್ನಾಟಕದ ಒಳಗಷ್ಟೇ ಮಾರಿದರೆ ವಸ್ತುಗಳಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ತನಕ ನೋಂದಣಿ ಬೇಡ. ನಿಮಗೆ ಸದ್ಯಕ್ಕೆ ಅದರ ಚಿಂತೆ ಇಲ್ಲ. ತೊಡಕು ಬರುವುದು ಹೊರರಾಜ್ಯಕ್ಕೆ ಕಳಿಸುವಾಗ. ಸಾಮಾನ್ಯವಾಗಿ ಒಂದೇ ಒಂದು ವಸ್ತುವನ್ನು ಮುಂಬೈಗೆ ಮಾರಿದರೂ ನೋಂದಣಿ ಬೇಕು. ಆದರೆ ಕರಕುಶಲ ವಸ್ತುಗಳಿಗೆ ಒಂದು ವಿನಾಯಿತಿ ಇದೆ. ಸರ್ಕಾರ ಒಂದು ಪಟ್ಟಿ ಮಾಡಿದೆ. ಅದರಲ್ಲಿ ಬಟ್ಟೆ, ನೂಲು, ಮರದಿಂದ ಮಾಡಿದ ಗೊಂಬೆಗಳು ಬರುತ್ತವೆ. ಚನ್ನಪಟ್ಟಣದ ಹೆಸರು ಪಟ್ಟಿಯಲ್ಲೇ ಇದೆ. ಹೆಚ್ಚಿನ ಭಾಗ ಕೈಯಿಂದಲೇ ಮಾಡಿದ ವಸ್ತುವಾದರೆ 20 ಲಕ್ಷದ ತನಕ ಹೊರರಾಜ್ಯಕ್ಕೆ ನೇರವಾಗಿ ಮಾರಬಹುದು. ಪ್ಯಾನ್ ಇರಬೇಕು, ಸರಕು ಸಾಗಿಸೋಕೆ ಆನ್‌ಲೈನ್‌ನಲ್ಲಿ ತೆಗೆಯುವ ಇ-ವೇ ಬಿಲ್ ಮಾಡಬೇಕು. ಪ್ರಿಂಟ್ ಹಾಕಿದ ಟೀಶರ್ಟ್‌ಗೆ ಇದು ಬರುವುದಿಲ್ಲ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಹೊರರಾಜ್ಯಕ್ಕೆ ಮಾರುವುದಾದರೂ ನೋಂದಣಿ ಬೇಕೇ ಬೇಕು. ರಾಜ್ಯದೊಳಗೆ ಅವುಗಳ ಮೂಲಕ ಮಾರುವ ಚಿಕ್ಕ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ಸಡಿಲ ಮಾಡಿದ್ದಾರೆ. ಒಂದು ದಾಖಲಾತಿ ಸಂಖ್ಯೆ ತೆಗೆದುಕೊಂಡರೆ ಸಾಕು. ಶುರು ಮಾಡುವ ಮುಂಚೆ ಒಮ್ಮೆ ನಿಮ್ಮೂರಿನ ಲೆಕ್ಕಪತ್ರದವರ ಹತ್ತಿರ ಹೋಗಿ, ನಿಮ್ಮ ವಸ್ತು ಪಟ್ಟಿಯಲ್ಲಿ ಎಲ್ಲಿ ಕೂರುತ್ತದೆ ಅಂತ ನೋಡಿಸಿಕೊಳ್ಳಿ.

ಚಿಕ್ಕ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಮೊಬೈಲ್‌ನಲ್ಲೇ ಆಗುತ್ತದೆ. ‘ಮಾಡಿಸಿಕೊಡುತ್ತೇವೆ, ಎರಡು ಸಾವಿರ ಕೊಡಿ’ ಅಂತ ಫೋನ್ ಬಂದರೆ ಇಟ್ಟುಬಿಡಿ.

ಅರಗು ಬಣ್ಣ · ಸೋಮವಾರ ರಾತ್ರಿ

ಮೇಷ್ಟ್ರು ನಮ್ಮ ಊರಿನ ಹೆಸರು ಎತ್ತಿದರು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮದು ಚನ್ನಪಟ್ಟಣ. ಅಪ್ಪ ಆಲೆ ಮರ ಕಡೆದು ಅರಗಿನ ಬಣ್ಣ ಹಾಕುತ್ತಿದ್ದರು, ಈಗ ನಾನು.

ತಂಗಿ, ‘ಗೊಂಬೆ’ ಅನ್ನುವ ಪದದಲ್ಲೇ ಒಂದು ವಿಷಯ ಇದೆ, ಯಾರೂ ಹೇಳಲಿಲ್ಲ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನಮ್ಮಂಥವರಿಗೆ ಆಗ ನಿದ್ದೆಯೇ ಹೋಗಿತ್ತು. ಆಮೇಲೆ ವಿನಾಯಿತಿ ಬಂತು. ಕೇಂದ್ರದ ಕರಕುಶಲ ಇಲಾಖೆಯಲ್ಲಿ ಕುಶಲಕರ್ಮಿ ಅಂತ ನೋಂದಣಿ ಆದವರು ತಾವೇ ಮಾಡಿ ಮಾರಿದರೆ ಆ ಗುರುತು ಬೇಡ. ಅದಕ್ಕೆ ಪೆಹಚಾನ್ ಕಾರ್ಡ್ ಮಾಡಿಸಿ. ಆಧಾರ್ ಕೊಟ್ಟು ನಿಮ್ಮ ಕೆಲಸ ತೋರಿಸಬೇಕು. ಕಾರ್ಡ್ ಇದ್ದರೆ ಇಲಾಖೆಯ ಮೇಳಗಳಿಗೂ ಅರ್ಜಿ ಹಾಕಬಹುದು.

ಕಾರ್ಡ್ ಬಂದರೂ ಮಗುವಿನ ಸುರಕ್ಷತೆ ನಮ್ಮ ಮೈಮೇಲಿನ ಜವಾಬ್ದಾರಿ. ಫೋಟೋದಲ್ಲಿ ಪ್ಲಾಸ್ಟಿಕ್ ಕಣ್ಣು ಕಂಡಿತು. ಅಂಟು ಹಾಕಿ ಕೂರಿಸಿದ್ದಾದರೆ ಕಿತ್ತು ಬರುತ್ತದೆ, ಮಗು ಬಾಯಿಗೆ ಹಾಕುತ್ತದೆ. ಚಿಕ್ಕ ಮಕ್ಕಳಿಗೆ ಅಂದರೆ ಕಣ್ಣನ್ನು ನೂಲಿನಲ್ಲೇ ಕಸೂತಿ ಮಾಡಿ. ಮಣಿ ಇರುವ ಕಿರೀಟದ ಮೇಲೆ ‘ಅಲಂಕಾರಕ್ಕೆ ಮಾತ್ರ, ಮಕ್ಕಳ ಆಟಿಕೆ ಅಲ್ಲ’ ಅಂತ ಚೀಟಿ ಹಚ್ಚಿ. ನಾವು ಅರಗಿನ ಬಣ್ಣವನ್ನೇ ಹಿಡಿದುಕೊಂಡಿರುವುದಕ್ಕೂ ಇದೇ ಕಾರಣ. ಮಗು ಕಚ್ಚಿದರೂ ಭಯ ಇರಬಾರದು.

ಹುಬ್ಬಳ್ಳಿ ಹುಡುಗ · ಸೋಮವಾರ ರಾತ್ರಿ

ಅಕ್ಕಾರ, ನಮ್ಮ ಅಕ್ಕ ಚೀಲದ ಮ್ಯಾಲೆ ಕಸೂತಿ ಹಾಕಿ ಮಾರತಾಳ. ಗವಂತಿ, ಮುರ್ಗಿ, ನೇಗಿ, ಮೆಂತಿ ನಾಲ್ಕೂ ಹೊಲಿಗಿ ಬರತಾವು ಆಕಿಗೆ. ಒಂದು ಮಾತು ಹೇಳತೀನಿ. ಹಣ ಬಂತು ಅಂತ ಸ್ಕ್ರೀನ್‌ಶಾಟ್ ಕಳಸತಾರ, ನಂಬಬ್ಯಾಡ್ರಿ. ಎರಡು ಸಲ ಮೋಸ ಹೋಗೇವಿ. ಬ್ಯಾಂಕಿನ ಖಾತೆ ತಗದು ನೋಡ್ರಿ, ಆಮ್ಯಾಲೆ ಪಾರ್ಸೆಲ್ ಕಟ್ಟರಿ. ಪ್ಯಾಕ್ ಮಾಡೋದರ ವಿಡಿಯೋನೂ ತಗದು ಇಟ್ಟುಕೊಳ್ರಿ. ‘ಖಾಲಿ ಡಬ್ಬಿ ಬಂತು’ ಅಂತ ಯಾರಾದರೂ ಅಂದರ ಅದೊಂದೇ ಕೈಹಿಡಿತೈತಿ.

ಕುಂದಾಪುರದ ನೂಲು · ಸೋಮವಾರ ರಾತ್ರಿ

ಇಷ್ಟೊಂದು ಜನ ಕೂತು ಬರೆದಿದ್ದೀರಿ. ಏನು ಹೇಳಬೇಕೋ ತಿಳಿಯುತ್ತಿಲ್ಲ. ಐಎಸ್‌ಐ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಣ್ಣು ಅಂಟು ಹಾಕಿದ್ದೇ ಹೌದು ಅಣ್ಣ, ನಾಳೆಯಿಂದ ನೂಲಿನದು.

ಆರ್‌ಸಿಬಿ, ಅಪ್ಪು ಎರಡೂ ಬಿಡುತ್ತೇನೆ. ಆದರೆ ಹೆದರಿಕೆ ಆಗುತ್ತಿದೆ. ಜನ ಹುಡುಕುವುದು ಅವನ್ನೇ ಅಲ್ವಾ? ಬರೀ ಯಕ್ಷಗಾನ ಅಂದರೆ ಕೊಳ್ಳುವವರು ಎಷ್ಟು ಜನ?

ಚೌಕಿ ಮನೆ · ಮಂಗಳವಾರ ಬೆಳಗಿನ ಜಾವ

ಯಕ್ಷಗಾನದ ಆಟ ಮುಗಿಸಿ ಬಂದು ಈಗ ನೋಡಿದೆ. ನಾನು ವೇಷ ಕಟ್ಟುವವನಲ್ಲ, ವೇಷದ ಸಾಮಾನು ಮಾಡುವವನು. ತಂಗಿ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ.

ನವೆಂಬರ್‌ನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದ ತನಕ, ಕರಾವಳಿಯಲ್ಲಿ ರಾತ್ರಿ ರಾತ್ರಿ ಆಟ. ತೆಂಕು, ಬಡಗು ಎರಡೂ ಶೈಲಿಯವು. ಬಯಲಿನಲ್ಲಿ ಕೂತು ನೋಡುವ ಜನರನ್ನು ನಾನು ದಿನಾ ನೋಡುತ್ತೇನೆ. ಮಗುವನ್ನು ಹೆಗಲ ಮೇಲೆ ಹೊತ್ತು ವೇಷ ಕಟ್ಟುವ ಚೌಕಿಗೆ ಬರುತ್ತಾರೆ. ಕಿರೀಟ ಮುಟ್ಟಿ ನೋಡಬಹುದಾ ಅಂತ ಕೇಳುತ್ತಾರೆ. ಮನೆಗೆ ಒಯ್ಯೋಕೆ ಏನಾದರೂ ಸಿಗುತ್ತದಾ ಅಂತಲೂ ಕೇಳುತ್ತಾರೆ. ಕೊಡೋಕೆ ನನ್ನ ಹತ್ತಿರ ಏನೂ ಇರುವುದಿಲ್ಲ. ದೊಡ್ಡ ಕಿರೀಟಕ್ಕೆ ಸಾವಿರಾರು ರೂಪಾಯಿ, ಅದನ್ನು ಎಲ್ಲಿ ಇಡುತ್ತಾರೆ? ನಿಮ್ಮ ಐದಿಂಚಿನದು ಟಿವಿ ಪಕ್ಕ ಕೂರುತ್ತದೆ.

ವೇಷಕ್ಕೆ ಒಡೆಯರಿಲ್ಲ. ಕೇದಗೆ ಮುಂದಲೆ ಯಾರ ಟ್ರೇಡ್‌ಮಾರ್ಕೂ ಅಲ್ಲ. ತಲೆಮಾರುಗಳಿಂದ ಎಲ್ಲರ ಕೈ ದಾಟಿ ಬಂದದ್ದು. ಒಂದೇ ಎಚ್ಚರ. ಯಾವ ಯಕ್ಷಗಾನ ಮೇಳದ (ತಂಡದ) ಹೆಸರೂ ಹಾಕಬೇಡಿ, ಈಗಿನ ಕಲಾವಿದರ ಮುಖ, ಹೆಸರು ಹಾಕಬೇಡಿ. ಹಾಕಲೇಬೇಕು ಅನ್ನಿಸಿದರೆ ಹೋಗಿ ಕೇಳಿ, ಒಪ್ಪಿಗೆಯನ್ನು ಬರೆದುಕೊಡಿಸಿಕೊಳ್ಳಿ.

ಇನ್ನೊಂದು. ಎರಡನೇ ಫೋಟೋದಲ್ಲಿ ಕೇದಗೆ ಮುಂದಲೆಯ ಕೆಳಗೆ ‘ರಾವಣ’ ಅಂತ ಚೀಟಿ ಇದೆ. ಅದು ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ. ರಾವಣನದು ರಾಕ್ಷಸರಿಗೆ ಹಾಕುವ ಬಣ್ಣದ ವೇಷ, ಅದರ ಕಿರೀಟದ ಅಳತೆಯೇ ಬೇರೆ. ಈ ಅಭಿಮಾನಿಗಳು ಬೇರೆ ಏನು ಬೇಕಾದರೂ ಬಿಡುತ್ತಾರೆ, ಇದನ್ನು ಬಿಡುವುದಿಲ್ಲ. ಸರಿ ಮಾಡಿದರೆ ಅವರೇ ನಿಮ್ಮ ಅಂಗಡಿಯನ್ನು ಹತ್ತು ಜನಕ್ಕೆ ಹೇಳುತ್ತಾರೆ. ಅಳತೆ ಬೇಕಾದರೆ ಕೇಳಿ, ಕಾಗದದ ಮೇಲೆ ಬರೆದು ಕಳಿಸುತ್ತೇನೆ.

ಕುಂದಾಪುರದ ನೂಲು · ಮಂಗಳವಾರ ಬೆಳಗ್ಗೆ

ಅಯ್ಯೋ, ಚೀಟಿ ಅದಲು ಬದಲಾಗಿದೆ ಅಣ್ಣ! ತಿದ್ದುತ್ತೇನೆ. ಅಳತೆ ಖಂಡಿತ ಬೇಕು.

ನ್ಯೂಜೆರ್ಸಿ ಅಮ್ಮ · ಮಂಗಳವಾರ ಸಂಜೆ

ನಾವು ಬ್ರಹ್ಮಾವರದ ಕಡೆಯವರು, ಇಲ್ಲಿಗೆ ಬಂದು 16 ವರ್ಷ ಆಯಿತು. ಮಕ್ಕಳಿಗೆ ತೋರಿಸೋಕೆ ಇಂಥದ್ದೇ ಹುಡುಕುತ್ತಿದ್ದೆ. ಆದರೆ ಒಂದು ವಿಷಯ ತಿಳಿದಿರಲಿ. ಮೊದಲು ಅಮೆರಿಕಕ್ಕೆ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ಹೋಯಿತು. ಚಿಕ್ಕ ಉಡುಗೊರೆಗೂ ಈಗ ಲೆಕ್ಕ. ನಾವು ಇಲ್ಲಿ ಏನು ಮಾಡುತ್ತೇವೆ ಅಂದರೆ, ಊರಿಗೆ ಹೋದವರ ಸೂಟ್‌ಕೇಸ್‌ನಲ್ಲಿ ತರಿಸುತ್ತೇವೆ. ಬೆಂಗಳೂರಿನ ಅಣ್ಣನ ಮನೆಗೆ ಕಳಿಸಿ, ಅಲ್ಲಿಂದ ಬರುತ್ತದೆ.

ಕೈಕೆಲಸದ ವಸ್ತು ಮಾರುವ ಎಟ್ಸಿ ಜಾಲತಾಣದಲ್ಲಿ ಹಾಕುವ ಯೋಚನೆ ಇದ್ದರೆ ಲೆಕ್ಕ ಹಾಕಿ ಇಳಿಯಿರಿ. ಒಂದು ವಸ್ತು ಪಟ್ಟಿಗೆ ಹಾಕೋಕೆ ನಾಲ್ಕು ತಿಂಗಳಿಗೆ 20 ಸೆಂಟ್, ಮಾರಾಟವಾದರೆ 6.5 ಶೇಕಡಾ ಅವರಿಗೆ. ಹಣ ಪಾವತಿಯ ಶುಲ್ಕ ಬೇರೆ. ಅದೆಲ್ಲ ಎರಡನೇ ವರ್ಷಕ್ಕೆ ಇರಲಿ.

ನನಗೆ ಎರಡು ಮುಂದಲೆ ಬರೆದುಕೊಳ್ಳಿ.

ಚಿಕ್ಕಪೇಟೆ ಟೀಶರ್ಟ್ · ಮಂಗಳವಾರ ರಾತ್ರಿ

ಚೌಕಿ ಮನೆಯವರ ಮಾತು ಓದಿ ಸಂತೋಷ ಆಯಿತು. ನನ್ನ ಅಂಗಡಿ ತಿರುಗಿ ನಿಂತಿದ್ದೂ ಹೀಗೇ. ಲೋಗೊ ಬಿಟ್ಟಮೇಲೆ ನಾನೇ ಬರೆದ ಕನ್ನಡದ ಸಾಲುಗಳನ್ನು ಟೀಶರ್ಟ್ ಮೇಲೆ ಹಾಕಿದೆ. ಅದರಲ್ಲೂ ಕಲಿಯುವುದು ಬಹಳ ಇತ್ತು. ಮೊದಲ ಪ್ರಿಂಟ್‌ನಲ್ಲಿ ಒತ್ತಕ್ಷರ ಎಲ್ಲ ಒಡೆದು ಅಕ್ಷರ ಅಕ್ಷರವಾಗಿ ಬಂತು. ಫೋಟೋಶಾಪ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಸೆಟ್ಟಿಂಗ್ ಹಾಕಿಕೊಳ್ಳಬೇಕು, ಗೊತ್ತಿರಲಿಲ್ಲ. ಅಕ್ಷರಶೈಲಿಗೂ ಪರವಾನಗಿ ನೋಡಿ. ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಇವು ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು.

ಕವಿಗಳ ಸಾಲು ಹಾಕುವವರೂ ಇದನ್ನು ಓದುತ್ತಿರಬಹುದು, ಅದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಡಿವಿಜಿ ತೀರಿಕೊಂಡಿದ್ದು 1975ರಲ್ಲಿ, ಬೇಂದ್ರೆ 1981ರಲ್ಲಿ, ಕುವೆಂಪು 1994ರಲ್ಲಿ. ಹಾಗಾದರೆ 2035, 2041, 2054 ಮುಗಿಯುವ ತನಕ ಕೇಳದೆ ಕಪ್ ಮೇಲೆ, ಚೀಲದ ಮೇಲೆ ಹಾಕುವ ಹಾಗಿಲ್ಲ. ಬಸವಣ್ಣನ ವಚನ, ಪುರಂದರದಾಸರ ಪದ ಎಲ್ಲರ ಸ್ವತ್ತು. ಗಂಡಭೇರುಂಡವೂ ಹಳೆಯ ಚಿತ್ರ, ಗುಡಿಯ ಗೋಡೆಯಲ್ಲಿ ಕಂಡದ್ದನ್ನು ನಿಮ್ಮ ಕೈಯಲ್ಲಿ ಬರೆಯಬಹುದು. ಸರ್ಕಾರದ ಲಾಂಛನವನ್ನು ಇದ್ದಂತೆ ಎತ್ತಿ ಹಾಕಬಾರದು, 1950ರ ಕಾನೂನು ಅದನ್ನು ತಡೆಯುತ್ತದೆ.

ತಂಗಿ, ಪ್ಯಾಕಿಂಗ್ ಡಬ್ಬಿ ಚಿಕ್ಕದು ಆರಿಸಿ. ಕೊರಿಯರ್‌ನವರು ಬರೀ ತೂಕ ನೋಡುವುದಿಲ್ಲ, ಜಾಗವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ. 20 ಸೆಂಟಿಮೀಟರ್ ಚೌಕದ ಡಬ್ಬಿ ಆದರೆ 1.6 ಕಿಲೋ ಲೆಕ್ಕ, ಒಳಗೆ ಇರುವುದು 150 ಗ್ರಾಂ ಆದರೂ! ಬೆಂಗಳೂರಿಗೆ ಬಂದಾಗ ಮಾಮೂಲ್‌ಪೇಟೆಗೆ ಬನ್ನಿ. ಜರಿ, ಮಣಿ, ಲೇಸ್ ಎಲ್ಲ ಒಂದೇ ಕಡೆ ನೋಡಬಹುದು. ನಾನು ಜೊತೆಗೆ ಬರುತ್ತೇನೆ.

ಕುಂದಾಪುರದ ನೂಲು · ಎರಡು ತಿಂಗಳ ನಂತರ

ಎಲ್ಲರಿಗೂ ಮತ್ತೆ ನಮಸ್ಕಾರ. ಆಮೇಲೆ ಏನಾಯಿತು ಅಂತ ಹೇಳೋಕೆ ಬಂದೆ.

ಪೇಜ್ ಶುರುವಾಗಿ ಏಳು ವಾರ. ಕಿರೀಟ, ಮುಂದಲೆ ಎರಡೇ ಇಟ್ಟಿದ್ದೇನೆ. ಬೆಲೆ 850 ಮಾಡಿದೆ. ಬರೆದು ಹಾಕುವಾಗ ಕೈ ನಡುಗಿತು. ಇವತ್ತಿಗೆ 23 ಹೋಗಿವೆ. ತಿಂಗಳಿಗೆ 12ರ ಮೇಲೆ ತೆಗೆದುಕೊಳ್ಳುವುದಿಲ್ಲ ಅಂತ ಪೇಜ್‌ನಲ್ಲೇ ಬರೆದಿದ್ದೇನೆ. ಕಾಯುತ್ತೇವೆ ಅನ್ನುತ್ತಾರೆ. ಪೆಹಚಾನ್ ಕಾರ್ಡ್‌ಗೆ ಅರ್ಜಿ ಹಾಕಿದ್ದಾಯಿತು. ಅದು ಬರುವ ತನಕ ಗೊಂಬೆ ಮಾರುವುದಿಲ್ಲ. ಅಪ್ಪು ಅಭಿಮಾನಿ ತಮ್ಮನ ಬಳಗಕ್ಕೆ 40 ಕಣ್ಣಿನ ಬ್ಯಾಡ್ಜ್ ಮಾಡಿ ಕೊಟ್ಟೆ. ಎರಡು ಕಿರೀಟ ದಾರಿಯಲ್ಲಿ ಜಜ್ಜಿಹೋದವು. ಹೊಸದು ಮಾಡಿ ಕಳಿಸಿದೆ. ಈಗ ಒಳಗೆ ರಟ್ಟಿನ ಒಂದು ಸುತ್ತು ಕೊಡುತ್ತೇನೆ, ಆಮೇಲೆ ಒಂದೂ ಹಾಳಾಗಿಲ್ಲ.

ಒಂದು ಆರ್ಡರ್ ಬಗ್ಗೆ ಹೇಳಲೇಬೇಕು. ಪುಣೆಯಿಂದ ಒಬ್ಬರು ಅಪ್ಪನಿಗೆ ಅಂತ ಮುಂದಲೆ ತರಿಸಿದರು. ಅಪ್ಪ ಮೊದಲು ಒಂದು ಆಟವನ್ನೂ ಬಿಡುತ್ತಿರಲಿಲ್ಲವಂತೆ. ಈಗ ನಡೆಯೋಕೆ ಆಗುವುದಿಲ್ಲ, ಮಗಳ ಮನೆಯಲ್ಲಿದ್ದಾರೆ. ಡಬ್ಬಿ ತೆರೆಯುವ ವಿಡಿಯೋ ಕಳಿಸಿದ್ದರು. ಅಜ್ಜ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಅಭಿಮನ್ಯುವಿನದು’ ಅಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ವಿಡಿಯೋವನ್ನು ನಾನು ಅಮ್ಮನಿಗೆ ಮೂರು ಸಲ ತೋರಿಸಿದೆ.

ಈಗ ಅಜ್ಜ ರಾವಣನ ಕಿರೀಟವೂ ಬೇಕು ಅಂತ ಕೇಳಿದ್ದಾರಂತೆ. ಚೌಕಿ ಮನೆ ಅಣ್ಣ, ನೀವು ಕಳಿಸಿದ ಅಳತೆ ಇಟ್ಟುಕೊಂಡು ಫೋಮ್ ಕತ್ತರಿಸಿದ್ದೇನೆ. ಆರಿಂಚಿಗೆ ಇಳಿಸಿದಾಗ ಸುತ್ತಲಿನ ಕೆಂಪು ಅಂಚು ಎಷ್ಟು ದಪ್ಪ ಇಡಲಿ? ಗುರುವಾರ ಕಳಿಸಬೇಕು.

ಚೌಕಿ ಮನೆ · ಅದೇ ರಾತ್ರಿ

ಕತ್ತರಿಸಿದ್ದರ ಫೋಟೋ ಎದುರಿನಿಂದ ಒಂದು, ಪಕ್ಕದಿಂದ ಒಂದು ಹಾಕಿ. ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಟು ಹಾಕಬೇಡಿ.